ಹಾಯಿಕಂಬ ಮುರಿದ ಹಡಗು, ಶ್ರೀರಂಗಪಟ್ಟಣದ ಪತನ

ಚಿನಕುರಳಿ ಎಂದೊಡನೆ ಇತಿಹಾಸದ ಓದುಗರಿಗೆ ನೆನಪಾಗುವುದು 1771ರಲ್ಲಿ ಹೈದರಾಲಿಯು ಮರಾಠರೆದುರು ಸೋತ ಕದನ. ಈ ಹೋಬಳಿಯ ತಾಲ್ಲೂಕು ಕೇಂದ್ರವಾದ ಪಾಂಡವಪುರಕ್ಕೆ ಹಿಂದೆ 'ಫ್ರೆಂಚ್ ರಾಕ್ಸ್' ಎಂಬ ಹೆಸರಿತ್ತು. ಹೈದರ್ ಹಾಗೂ ಟಿಪ್ಪು ಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದುದೇ ಈ ಹೆಸರಿಗೆ ಕಾರಣ. ಕಡಲಿನಿಂದ ಇಷ್ಟು ದೂರವಿರುವ ಈ ಸೀಮೆಯ ಭವಿಷ್ಯವನ್ನು ಬದಲಿಸಿದ ಘಟನೆಯೊಂದು ಆರಂಭವಾದದ್ದು ಮಾತ್ರ ಕಡಲ ದಡದಲ್ಲಿ, ಒಂದು ಮುರುಕು ಹಡಗಿನಿಂದ.

ಕಂಬ ಮುರಿದರೆ ಏನಾಗುತ್ತಿತ್ತು?

ಉಗಿಯಂತ್ರ ಬರುವ ಮುನ್ನ ಹಡಗಿಗೆ ಗಾಳಿಯೊಂದೇ ಬಲ. ಗಾಳಿಯನ್ನು ಹಿಡಿಯುವುದು ಹಾಯಿ. ಹಾಯಿಯನ್ನು ಹೊರುವುದು ಕಂಬ. ಬಿರುಗಾಳಿಗೋ ಶತ್ರುವಿನ ಗುಂಡಿಗೋ ಕಂಬ ಮುರಿಯಿತೆಂದರೆ ಹಡಗು ದಿಕ್ಕುಗೆಟ್ಟು ತೇಲುವ ಮರದ ತೊಟ್ಟಿಯಾಗುತ್ತಿತ್ತು. ನಾವಿಕರು ಉಳಿದ ಮರದ ತುಂಡುಗಳಿಂದ ತಾತ್ಕಾಲಿಕ ಕಂಬ ನಿಲ್ಲಿಸಿ, ನಿಧಾನವಾಗಿ ಹತ್ತಿರದ ದಡದತ್ತ ಸಾಗಬೇಕಿತ್ತು. ಅಷ್ಟರೊಳಗೆ ಕುಡಿಯುವ ನೀರು ಮುಗಿಯದಿದ್ದರೆ ಅದೇ ಪುಣ್ಯ. ಸೇರಿದ ಬಂದರಿನಲ್ಲಿ ಹೊಸ ಕಂಬಕ್ಕೆ ತಕ್ಕ ಮರ ಮತ್ತು ನುರಿತ ಬಡಗಿಗಳೂ ಸಿಗಬೇಕಿತ್ತು. ಪಶ್ಚಿಮಘಟ್ಟದ ತೇಗಕ್ಕೆ ಹತ್ತಿರವಿದ್ದ ಮಂಗಳೂರಿನಲ್ಲಿ ಇವೆರಡೂ ಇದ್ದವು.

ಆದರೆ ದಡ ಸೇರಿದ ಮಾತ್ರಕ್ಕೆ ನಾವಿಕ ಬದುಕಿದನೆಂದು ಹೇಳುವಂತಿರಲಿಲ್ಲ. ಆ ದಡ ಯಾರದು, ಆ ವರ್ಷ ಯಾರು ಯಾರಿಗೆ ಶತ್ರು ಎಂಬುದರ ಮೇಲೆ ಅವನ ಗತಿ ನಿರ್ಧಾರವಾಗುತ್ತಿತ್ತು. 1782ರಲ್ಲಿ ಫ್ರೆಂಚರು 'ಹ್ಯಾನಿಬಲ್' ಎಂಬ ಬ್ರಿಟಿಷ್ ಹಡಗನ್ನು ವಶಪಡಿಸಿಕೊಂಡಾಗ ಅದರಲ್ಲಿ ಜೇಮ್ಸ್ ಸ್ಕರಿ ಎಂಬ ಹದಿಹರೆಯದ ಹುಡುಗನಿದ್ದ. ಫ್ರೆಂಚ್ ನೌಕಾಧಿಪತಿ ಸಫ್ರನ್ ನೂರಾರು ಬ್ರಿಟಿಷ್ ಸೆರೆಯಾಳುಗಳನ್ನು ಹೈದರನಿಗೆ ಒಪ್ಪಿಸಿದ. ಅವರ ಪೈಕಿ ಸ್ಕರಿಯೂ ಒಬ್ಬ. ಕಡಲಿನಲ್ಲಿ ಉಳಿದ ಜೀವ ಹತ್ತು ವರ್ಷ ಸೆರೆಯಲ್ಲಿ ಕಳೆಯಿತು. ಅವನ ಅನುಭವ ಕಥನ 1824ರಲ್ಲಿ ಪುಸ್ತಕವಾಗಿ ಹೊರಬಂದಿತು.

1797: ಮಂಗಳೂರಿಗೆ ಬಂದ ಅತಿಥಿ

ಹದಿನೈದು ವರ್ಷಗಳ ನಂತರ ಇದೇ ಕಥೆ ತಿರುವುಮುರುವಾಯಿತು. 1797ರ ಆರಂಭದಲ್ಲಿ ಕಂಬ ಮುರಿದ ಫ್ರೆಂಚ್ ಹಡಗೊಂದು ದುರಸ್ತಿಗಾಗಿ ಮಂಗಳೂರು ಸೇರಿತು. ಅದರ ನಾಯಕ ಫ್ರಾಂಸ್ವಾ ರಿಪೋ. ಶತ್ರು ದೇಶದ ಹಡಗುಗಳನ್ನು ದೋಚಲು ಸರ್ಕಾರದಿಂದಲೇ ಪರವಾನಗಿ ಪಡೆಯುತ್ತಿದ್ದ ಖಾಸಗಿ ನಾವಿಕರ ಪೈಕಿ ಈತ ಒಬ್ಬ. ಅವನು ಹೊರಟು ಬಂದದ್ದು ಸುಮಾರು 4000 ಕಿ.ಮೀ. ದೂರದ ಮಾರಿಷಸ್ಸಿನಿಂದ. ಆಗ ಅದು ಫ್ರೆಂಚರ ವಶದಲ್ಲಿತ್ತು.

ಟಿಪ್ಪುವಿನ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. 1792ರ ಒಪ್ಪಂದದಲ್ಲಿ ಆತ ಅರ್ಧ ರಾಜ್ಯ ಕಳೆದುಕೊಂಡಿದ್ದ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ್ದ. ಹೊರಗಿನ ನೆರವಿಗಾಗಿ ಕಾಯುತ್ತಿದ್ದವನ ಮುಂದೆ ರಿಪೋ ತನ್ನನ್ನು ಮಾರಿಷಸ್ ಆಡಳಿತದ ಪ್ರತಿನಿಧಿಯೆಂದು ಬಿಂಬಿಸಿಕೊಂಡ. ಅಲ್ಲಿ ದೊಡ್ಡ ಫ್ರೆಂಚ್ ಸೈನ್ಯ ಸಿದ್ಧವಾಗಿದೆ ಎಂದು ನಂಬಿಸಿದ. ಈತನನ್ನು ನಂಬಬೇಡಿರೆಂದು ಮಂತ್ರಿಗಳು ಎಚ್ಚರಿಸಿದರೂ ಸುಲ್ತಾನ ಕಿವಿಗೊಡಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು 'ಜಾಕೋಬಿನ್ ಕ್ಲಬ್' ಸ್ಥಾಪಿಸಿ, ಗಣರಾಜ್ಯದ ಧ್ವಜ ಏರಿಸಿ, ಸ್ವಾತಂತ್ರ್ಯದ ಗಿಡ ನೆಟ್ಟರೆಂದು 1799ರ ಬಳಿಕ ಬ್ರಿಟಿಷರು ಪ್ರಕಟಿಸಿದ ದಾಖಲೆಗಳು ಹೇಳುತ್ತವೆ. ಈ ದಾಖಲೆಗಳ ಪ್ರಾಮಾಣಿಕತೆಯನ್ನು ಪ್ರಶ್ನಿಸಿದ ಇತಿಹಾಸಕಾರರೂ ಇದ್ದಾರೆ.

ಗುಟ್ಟು ರಟ್ಟಾದ ಬಗೆ

ಟಿಪ್ಪುವಿನ ದೂತರು ರಿಪೋ ಜತೆಯಲ್ಲಿ ಗುಟ್ಟಾಗಿ ಮಾರಿಷಸ್ ತಲುಪಿದಾಗ ಅಲ್ಲಿ ಸೈನ್ಯವೇ ಇರಲಿಲ್ಲ. ಗವರ್ನರ್ ಮಲಾರ್ತಿಕ್ ದೂತರನ್ನು ಬಹಿರಂಗವಾಗಿ ಸ್ವಾಗತಿಸಿದ. 1798ರ ಜನವರಿ 30ರಂದು, ಟಿಪ್ಪುವಿನ ಪರ ಹೋರಾಡಲು ಸ್ವಯಂಸೇವಕರು ಬೇಕಾಗಿದ್ದಾರೆಂದು ಘೋಷಣೆಯನ್ನೇ ಹೊರಡಿಸಿದ! ಏಪ್ರಿಲ್‌ನಲ್ಲಿ 'ಪ್ರೆನ್ಯೂಸ್' ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರರಷ್ಟು ಮಂದಿ ಮಾತ್ರ. ಘೋಷಣೆಯ ಪ್ರತಿ ಜೂನ್ ವೇಳೆಗೆ ಕಲ್ಕತ್ತ ತಲುಪಿ, ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಸೇರಿತು. ಯುದ್ಧಕ್ಕೆ ಅವನಿಗೆ ಬೇಕಿದ್ದ ನೆಪ ಸಿಕ್ಕಿತು. 1799ರ ಮೇ 4ರಂದು ಕೋಟೆ ಬಿದ್ದು, ಟಿಪ್ಪು ಹೋರಾಡುತ್ತಲೇ ಮಡಿದ.

ಆ ಹಡಗು ಬಾರದಿದ್ದರೆ ಯುದ್ಧವೇ ನಡೆಯುತ್ತಿರಲಿಲ್ಲ ಎನ್ನಲಾಗದು. ಮೈಸೂರನ್ನು ಮುರಿಯುವ ಹಂಬಲ ಕಂಪನಿಗೆ ಮೊದಲೇ ಇತ್ತು. ಆದರೆ ಯುದ್ಧದ ವೇಳೆಯನ್ನೂ ನೆಪವನ್ನೂ ಒದಗಿಸಿದ್ದು ಮಂಗಳೂರಿಗೆ ಬಂದ ಆ ಹಡಗೇ. ದಿಕ್ಕುಗೆಟ್ಟ ನಾವಿಕನಿಗೆ ಆಸರೆ ಬೇಕಿತ್ತು. ದಿಕ್ಕು ಕಾಣದ ದೊರೆಗೆ ಮಿತ್ರನೊಬ್ಬ ಬೇಕಿದ್ದ. ಇಬ್ಬರ ಅಗತ್ಯಗಳೂ ಕೂಡಿದಲ್ಲಿ ಸುಳ್ಳು ಸಲೀಸಾಗಿ ಮಾರಾಟವಾಯಿತು.

ರಿಪೋ ಮತ್ತೆ ಕಡಲಿಗಿಳಿದು 1814ರವರೆಗೂ ಬದುಕಿದ. ಅವನ ಮಾತಿಗೆ ಬೆಲೆ ತೆತ್ತದ್ದು ಕಡಲೇ ಕಾಣದ ಶ್ರೀರಂಗಪಟ್ಟಣ.