ಬಾಗಿದ ಕೊಂಬೆಯ ಬಲ

ಮುಂಗಾರಿಗೆ ಮೊದಲಿನ ಗಾಳಿಮಳೆ ಬಡಿದು ಹೋದ ಮರುದಿನ ಬೆಂಗಳೂರಿನ ಬಡಾವಣೆಗಳಲ್ಲಿ ಯಂತ್ರಗರಗಸದ ಸದ್ದು ಕೇಳುವುದು ವಾಡಿಕೆ. ಗುಲ್‌ಮೊಹರ್, ಮಳೆಮರಗಳು ಬೀದಿಗೂ ಕಾಂಪೌಂಡಿಗೂ ಅಡ್ಡವಾಗಿ ಬಿದ್ದಿರುತ್ತವೆ. ಮಕ್ಕಳು ಶಾಲೆಗೆ ಹೊರಡಬೇಕು, ವಾಹನ ಹೊರಗೆ ಬರಬೇಕು. "ಬೇಗ ಕೊಯ್ದುಬಿಡಪ್ಪ" ಎಂದು ಕೆಲಸಗಾರನನ್ನು ಅವಸರಪಡಿಸುತ್ತೀರಿ. ಅವನಾದರೋ ಮರವನ್ನು ಎರಡು ಸುತ್ತು ಬಂದು, ಬಗ್ಗಿ ಬಗ್ಗಿ ನೋಡಿ, ಆಮೇಲೆ ಯಂತ್ರಕ್ಕೆ ಕೈ ಹಾಕುತ್ತಾನೆ. ಅದನ್ನು ಸೋಮಾರಿತನವೆಂದು ಎಣಿಸಬೇಡಿ. ಅವನ ಪ್ರಾಣ ಆ ನೋಟವನ್ನೇ ನಂಬಿದೆ.

ಏಕೆಂದು ತಿಳಿಯಬೇಕಾದರೆ ಒಂದು ಹಸಿ ಹುಣಿಸೆ ಬರಲನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿರಿ. ಹೊರಮೈಯ ನಾರು ಹಿಗ್ಗುತ್ತದೆ, ಒಳಮೈಯ ನಾರು ಕುಗ್ಗುತ್ತದೆ. ಒಂದು ಕೈ ಬಿಟ್ಟೊಡನೆ ಬರಲು ಚಟ್ಟನೆ ನೆಟ್ಟಗಾಗುತ್ತದೆ. ಬಿದ್ದ ಮರದ ಭಾರಕ್ಕೆ ಸಿಕ್ಕಿ ಬಾಗಿದ ಕೊಂಬೆಯಲ್ಲಿಯೂ ಇದೇ ಬಲ ಅಡಗಿದೆ. ಆದರೆ ತೋಳುಗಾತ್ರದ ಕೊಂಬೆ ಹಾಗೆ ಸಿಡಿದರೆ ಮೂಳೆ ಮುರಿಯುತ್ತದೆ, ಜೀವವೂ ಹೋದೀತು.

ಆದ್ದರಿಂದ ಕೊಯ್ಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಿಗ್ಗಿದ ಮೈ ಯಾವುದು, ಕುಗ್ಗಿದ ಮೈ ಯಾವುದು? ಕೊಂಬೆಯ ಎರಡು ತುದಿಗೂ ಆಸರೆಯಿದ್ದು ನಡು ಜೋತಿದ್ದರೆ, ಕುಗ್ಗಿದ್ದು ಮೇಲ್ಮೈ, ಹಿಗ್ಗಿದ್ದು ಕೆಳಮೈ. ಒಂದೇ ತುದಿ ಆಸರೆಯಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಇದಕ್ಕೆ ತಿರುಗುಮುರುಗು. ಮೊದಲ ಕೊಯ್ತ ಕುಗ್ಗಿದ ಮೈಯಲ್ಲಿ, ದಪ್ಪದ ಮೂರರಲ್ಲೊಂದು ಪಾಲು ಮೀರದಂತೆ. ಇನ್ನೂ ಆಳಕ್ಕೆ ಹೋದರೆ ಮರ ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಬಳಿಕ ಹಿಗ್ಗಿದ ಮೈಯಿಂದ ನಿಧಾನವಾಗಿ ಕೊಯ್ದು ಮೊದಲ ಕೊಯ್ತಕ್ಕೆ ಸೇರಿಸಬೇಕು. ಹಿಗ್ಗಿದ ಮೈಯನ್ನೇ ಮೊದಲು ಕೊಯ್ದರೆ ಕೊಂಬೆ ಉದ್ದಕ್ಕೆ ಸೀಳಿ ಸಿಡಿಯುತ್ತದೆ. ನಿಲ್ಲುವುದು ಯಾವಾಗಲೂ ಕೊಂಬೆ ಚಿಮ್ಮುವ ದಿಕ್ಕನ್ನು ಬಿಟ್ಟು.

ದೊಡ್ಡ ಮರದಡಿ ತಲೆ ಸಿಕ್ಕಿಕೊಂಡು ಬಿಲ್ಲಿನಂತೆ ಬಾಗಿದ ಎಳೆಯ ಗಿಡ ಎಲ್ಲಕ್ಕಿಂತ ಮೋಸದ್ದು. ಅದನ್ನು ಒಂದೇ ಏಟಿಗೆ ತುಂಡರಿಸಬಾರದು. ಪಕ್ಕದಲ್ಲಿ ನಿಂತು, ಬಾಗಿನ ಒಳಮೈಯನ್ನು ಸ್ವಲ್ಪ ಸ್ವಲ್ಪವೇ ಹೆರೆಯುತ್ತ ಬಂದರೆ ಬಲ ತಾನಾಗಿ ಇಳಿಯುತ್ತದೆ.

ಬೇರುಸಹಿತ ಕಿತ್ತುಬಿದ್ದ ಮರದಲ್ಲಿ ಇನ್ನೊಂದು ಅಪಾಯವಿದೆ. ಕಾಂಡವನ್ನು ಬುಡದಿಂದ ಬೇರ್ಪಡಿಸಿದೊಡನೆ, ಮಣ್ಣು ಹೊತ್ತು ಎದ್ದುನಿಂತ ಬೇರಿನ ಗಡ್ಡೆ ಮತ್ತೆ ಗುಂಡಿಗೆ ಮಗುಚಿಕೊಳ್ಳಬಹುದು. ಆ ಗುಂಡಿಯಲ್ಲಿ ಆಡುವ ಮಕ್ಕಳನ್ನು ಕೆಲಸಕ್ಕೆ ಮೊದಲೇ ಹೊರಗೆ ಕಳುಹಿಸಿರಿ.

ಗರಗಸದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಅಲಗಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಕಿದರೆ ಯಂತ್ರ ಹಿಡಿದವನ ಮುಖದತ್ತ ಒದೆಯುತ್ತದೆ. ಹೆಗಲಿನಿಂದ ಮೇಲಕ್ಕೆ ಗರಗಸ ಎತ್ತುವುದು, ಏಣಿಯ ಮೇಲೆ ನಿಂತು ಕೊಯ್ಯುವುದು ಸಲ್ಲದು. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಮತ್ತು ಗರಗಸದ ಕೆಲಸಕ್ಕೆಂದೇ ಮಾಡಿದ ಕಾಲುಕವಚ ಬೇಕು. ಬರಿಗಾಲಿನಲ್ಲಿ, ಲುಂಗಿಯುಟ್ಟು ಬಂದವನಿಗೆ ಈ ಕೆಲಸ ಕೊಡಬೇಡಿ.

ಕೊಂಬೆಗೆ ವಿದ್ಯುತ್ ತಂತಿ ತಾಕಿದ್ದರೆ ಯಾರೂ ಹತ್ತಿರ ಹೋಗಕೂಡದು. 1912ಕ್ಕೆ ಕರೆಮಾಡಿ, ವಿದ್ಯುತ್ ಸಿಬ್ಬಂದಿ ಬರುವವರೆಗೆ ಕಾಯಿರಿ.

ಯಂತ್ರ ಹಿಡಿಯದ ನಿಮ್ಮ ಪಾಲಿನ ಕೆಲಸವೂ ಸಣ್ಣದಲ್ಲ. ನೋಡಲು ನೆರೆದವರನ್ನು ದೂರ ನಿಲ್ಲಿಸಿರಿ. ಕೆಲಸಗಾರ ಮರವನ್ನು ಸುತ್ತಿ ನೋಡುವಾಗ ಸುಮ್ಮನಿರಿ. ಶಾಲೆಗೆ ಅರ್ಧ ಗಂಟೆ ತಡವಾದರೆ ನಷ್ಟವೇನೂ ಇಲ್ಲ. ಅವನು ಸಂಜೆ ತನ್ನ ಮನೆಗೆ ನಡೆದುಕೊಂಡು ಹೋಗಬೇಕಷ್ಟೆ.