ಬಸವನಗುಡಿ ಹುಡುಗ ನಾರ್ಥಾಂಪ್ಟನ್‌ಗೆ ಹೋದಾಗ: ಫಾರಿನ್ ಕ್ಲಬ್‌ಗೆ ಆಡೋದು ಅಂದ್ರೆ ಏನು?

ಬೆಂಗಳೂರು: ಜಯನಗರ, ಬನಶಂಕರಿ ಗ್ರೌಂಡ್‌ಗಳಲ್ಲಿ ಬೆಳಗ್ಗೆ ಆರಕ್ಕೇ ಕಿಟ್ ಬ್ಯಾಗ್ ಹೊತ್ತ ಮಕ್ಕಳು ಕಾಣಿಸ್ತಾರೆ. ಕ್ರಿಕೆಟ್ ಇರಲಿ, ಬ್ಯಾಸ್ಕೆಟ್‌ಬಾಲ್ ಇರಲಿ, ಅಪ್ಪ-ಅಮ್ಮಂದಿರ ಪ್ರಶ್ನೆ ಒಂದೇ: ಆಟ ನಂಬಿಕೊಂಡು ವಿದೇಶದಲ್ಲಿ ಬದುಕಬಹುದಾ? ಇದಕ್ಕೆ ನಮ್ಮ ಏರಿಯಾದಲ್ಲೇ ಒಂದು ಉದಾಹರಣೆ ಇದೆ. ಅನಿಲ್ ಕುಂಬ್ಳೆ ಅವರ 1995ರ ಇಂಗ್ಲೆಂಡ್ ಸೀಸನ್.

ಓದು ಬಿಡಲಿಲ್ಲ

ಕುಂಬ್ಳೆ ಹುಟ್ಟಿದ್ದು 1970ರ ಅಕ್ಟೋಬರ್ 17ರಂದು, ಬೆಂಗಳೂರಿನಲ್ಲಿ. ಮನೆತನದ ಹೆಸರು ಕಾಸರಗೋಡಿನ ಕುಂಬಳೆ ಊರಿನದು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್‌ನಲ್ಲಿ ಓದಿ, ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿದರು. 1990ರಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರೂ, ಎರಡನೇ ಟೆಸ್ಟ್‌ಗೆ 1992ರವರೆಗೆ ಕಾಯಬೇಕಾಯ್ತು. ಆ ಕಾಯುವ ಕಾಲದಲ್ಲಿ ಓದು ಕೈಬಿಡಲಿಲ್ಲ ಅನ್ನೋದು ಗಮನಿಸಬೇಕಾದ ಮಾತು.

ಕೌಂಟಿ ಅಂದ್ರೆ?

ಇಂಗ್ಲೆಂಡ್‌ನಲ್ಲಿ 18 ಕೌಂಟಿ ತಂಡಗಳಿವೆ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಸೀಸನ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಒಂದು ತಂಡಕ್ಕೆ ಒಬ್ಬನೇ ವಿದೇಶಿ ಆಟಗಾರ. ನಾರ್ಥಾಂಪ್ಟನ್‌ಶೈರ್‌ಗೆ ವೆಸ್ಟ್ ಇಂಡೀಸ್‌ನ ಕರ್ಟ್ಲಿ ಆಂಬ್ರೋಸ್ ಆಡ್ತಿದ್ರು. 1995ರಲ್ಲಿ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡ್ ಪ್ರವಾಸಕ್ಕೆ ಬಂದಿದ್ದರಿಂದ ಆಂಬ್ರೋಸ್ ಕೌಂಟಿಗೆ ಸಿಗಲಿಲ್ಲ. ಆ ಜಾಗಕ್ಕೆ ಕುಂಬ್ಳೆಗೆ ಕರೆ ಬಂತು.

ಅಂದ್ರೆ ಇದು ಪರ್ಮನೆಂಟ್ ಕೆಲಸ ಅಲ್ಲ. ಯಾರದೋ ಖಾಲಿ ಸೀಟು, ಒಂದು ಸೀಸನ್‌ನ ಒಪ್ಪಂದ. ಚೆನ್ನಾಗಿ ಆಡಿದರೆ ಹೆಸರು, ಇಲ್ಲದಿದ್ದರೆ ವಾಪಸ್.

105 ವಿಕೆಟ್

ವಾರವೆಲ್ಲ ಆಟ, ಬಸ್ಸು, ಮತ್ತೆ ಆಟ. ಕೌಂಟಿ ಚಾಂಪಿಯನ್‌ಷಿಪ್‌ನ ಒಂದೊಂದು ಪಂದ್ಯವೂ ನಾಲ್ಕು ದಿನ, ನಡುವೆ ಒಂದು ದಿನದ ಪಂದ್ಯಗಳು ಬೇರೆ. ಚಳಿ, ಮೋಡದ ಹವೆಯ ಆ ಊರು ವೇಗದ ಬೌಲರ್‌ಗಳದ್ದು ಅನ್ನೋ ಮಾತಿತ್ತು. ಕುಂಬ್ಳೆ ಚೆಂಡು ಹೆಚ್ಚು ತಿರುಗಿಸೋರಲ್ಲ, ವೇಗವಾಗಿ, ಪುಟಿಸಿ ಹಾಕೋರು. ಆ ಸೀಸನ್‌ನಲ್ಲಿ 105 ವಿಕೆಟ್ ಕಿತ್ತರು. ತಂಡ ಚಾಂಪಿಯನ್‌ಷಿಪ್‌ನಲ್ಲಿ ಮೂರನೇ ಸ್ಥಾನ ಪಡೀತು. 1996ರಲ್ಲಿ ವಿಸ್ಡನ್ ಅವರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರಾಗಿ ಆರಿಸಿತು. ಆಮೇಲೆ ಲೀಸ್ಟರ್‌ಶೈರ್, ಸರ್ರೆ ತಂಡಗಳಿಗೂ ಆಡಿದರು. 2008ರಲ್ಲಿ ನಿವೃತ್ತಿಯಾದಾಗ ಟೆಸ್ಟ್ ವಿಕೆಟ್ 619.

ಬ್ಯಾಸ್ಕೆಟ್‌ಬಾಲ್‌ನಲ್ಲಿ?

ದಾರಿ ಇನ್ನೂ ಕಿರಿದು. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. 52ನೇ ಆಯ್ಕೆಯಾಗಿ ಡಲ್ಲಾಸ್ ಮಾವೆರಿಕ್ಸ್ ಅವರನ್ನು ತಗೊಂಡರೂ ಎನ್‌ಬಿಎ ಪಂದ್ಯ ಆಡೋ ಅವಕಾಶ ಸಿಗಲಿಲ್ಲ, ಕೆಳಗಿನ ಲೀಗ್‌ನಲ್ಲೇ ಆಡಿದರು. 2017ರಲ್ಲಿ ವಿಶೇಷ್ ಭೃಗುವಂಶಿ ಆಸ್ಟ್ರೇಲಿಯಾದ ಅಡಿಲೇಡ್ ಕ್ಲಬ್ ಜೊತೆ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು.

ಆಯ್ಕೆ ಆಗೋದು ಬೇರೆ, ಅಂಗಳಕ್ಕೆ ಇಳಿಯೋದು ಬೇರೆ. ಸೀಟು ಯಾವಾಗ ಖಾಲಿ ಆಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಖಾಲಿ ಆದ ದಿನ ಕುಂಬ್ಳೆ ರೆಡಿ ಇದ್ದರು, ಕೈಯಲ್ಲಿ ಡಿಗ್ರಿಯೂ ಇತ್ತು. ಮಕ್ಕಳನ್ನು ಗ್ರೌಂಡ್‌ಗೆ ಕಳಿಸಿ, ಪುಸ್ತಕ ಮಾತ್ರ ಅಟ್ಟಕ್ಕೆ ಹಾಕಬೇಡಿ.