ಅಲ್ಪ ಸಂಜ್ಞೆ, ಮಹಾಪ್ರವಾಹ

ಅಂಬುಧಿ ಎಂದರೆ ಕಡಲು. ಅಜ್ಜಂಪುರ ಸೀಮೆಯ ಬುಕ್ಕಾಂಬುಧಿ ತನ್ನ ಹೆಸರಿನಲ್ಲಿಯೇ ಕೆರೆಯ ಹಿರಿಮೆಯನ್ನು ಹೊತ್ತಿದೆ. ಕೆರೆಯ ತೂಬನ್ನು ಎತ್ತಲು ಒಬ್ಬ ನೀರಗಂಟಿ ಸಾಕು. ಗದ್ದೆಗೆ ನೀರನ್ನು ತಳ್ಳುವುದು ಅವನ ತೋಳ್ಬಲವಲ್ಲ. ಅವನು ದಾರಿ ಬಿಡುವನು, ಅಷ್ಟೆ. ವಿದ್ಯುತ್ತಿಗೂ ಇಂತಹ ತೂಬುಗಳುಂಟು. 5 ವೋಲ್ಟಿನ ಸಂಜ್ಞೆಯೊಂದು ಸಾವಿರಾರು ಆಂಪಿಯರುಗಳನ್ನು ಆಳುವ ಬಗೆ ಹೇಗೆಂಬುದನ್ನು ನಾವೀಗ ನೋಡೋಣ.

ಅಷ್ಟು ಪ್ರವಾಹ ಏತಕ್ಕೆ ಬೇಕು? ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕೆಲಸವನ್ನಾರಂಭಿಸಿತು. ಮುಂದೆ ಅಲ್ಲಿಗೆ ವಿದ್ಯುತ್ ಕುಲುಮೆಗಳೂ ಬಂದವು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಆದಕಾರಣ ಕುಲುಮೆಗಾಗಲಿ, ತಗಡುಗಳನ್ನು ಬೆಸೆಯುವ ಯಂತ್ರಕ್ಕಾಗಲಿ ಕಡಿಮೆ ವೋಲ್ಟೇಜಿನ ಭಾರೀ ಪ್ರವಾಹ ಬೇಕು.

ಇದನ್ನು ಒದಗಿಸುವುದು ಟ್ರಾನ್ಸ್‌ಫಾರ್ಮರು. ಅದು 230 ವೋಲ್ಟನ್ನು 2.3 ವೋಲ್ಟಿಗೆ ಇಳಿಸಿದರೆ, ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದಾಗ, ಪ್ರವಾಹವು ನೂರ್ಮಡಿಯಾಗುತ್ತದೆ. ಮೊದಲ ಸುರುಳಿಯ 20 ಆಂಪಿಯರು ಎರಡನೆಯದರಲ್ಲಿ 2000 ಆಗುತ್ತದೆ. ಆದುದರಿಂದ ತೂಬನ್ನು ಮೊದಲ ಸುರುಳಿಯ ಕಡೆಗೇ ಇಟ್ಟರೆ ಸಾಕು.

ಆ ತೂಬೇ ಥೈರಿಸ್ಟರು. ನಾಲ್ಕು ಪದರಗಳ ಈ ಸಿಲಿಕಾನ್ ಸಾಧನವು 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪುಗೊಂಡಿತು. ಇದರ ಗೇಟಿಗೆ ಅಲ್ಪ ಪ್ರವಾಹ ತಾಗಿದೊಡನೆ ದಾರಿ ತೆರೆಯುತ್ತದೆ. ಮುಖ್ಯ ಪ್ರವಾಹವು ಸೊನ್ನೆಯ ಸಮೀಪಕ್ಕಿಳಿಯುವವರೆಗೆ ತೆರೆದೇ ಇರುತ್ತದೆ. ನಮ್ಮ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಷ್ಟಾದುದರಿಂದ ಆ ಸೊನ್ನೆ ಸೆಕೆಂಡಿಗೆ 100 ಬಾರಿ ಒದಗುತ್ತದೆ. ಪ್ರವಾಹವು ಎರಡೂ ದಿಕ್ಕಿನಲ್ಲಿ ಹರಿಯುವ ಕಾರಣ ಎರಡು ಥೈರಿಸ್ಟರುಗಳನ್ನು ಎದುರುಬದುರಾಗಿ ಜೋಡಿಸುವರು. ಸಂಜ್ಞೆಗೂ ಮುಖ್ಯ ತಂತಿಗೂ ನೇರ ಸಂಪರ್ಕವಿಲ್ಲ: ಸಂಜ್ಞೆಯು ಪುಟ್ಟ ದೀಪವನ್ನು ಬೆಳಗಿಸುವುದು, ಬೆಳಕನ್ನು ಕಂಡ ಇನ್ನೊಂದು ಸಾಧನವು ಗೇಟನ್ನು ಎಬ್ಬಿಸುವುದು.

ಆದರೆ ಯಾವ ಕ್ಷಣದಲ್ಲಿ ತೆರೆಯಬೇಕು? ಸಾಮಾನ್ಯ ಒಲೆಗಾದರೆ ವೋಲ್ಟೇಜು ಸೊನ್ನೆಯಿರುವಾಗ ತೆರೆಯುವುದು ಲೇಸು. ಟ್ರಾನ್ಸ್‌ಫಾರ್ಮರಿಗೆ ಅದೇ ಕೆಟ್ಟ ಮುಹೂರ್ತ! ಅದರ ಕಬ್ಬಿಣದೊಳಗಿನ ಕಾಂತತ್ವವು ವೋಲ್ಟೇಜಿಗಿಂತ ಕಾಲು ಆವರ್ತ ಹಿಂದಿರುತ್ತದೆ. ವೋಲ್ಟೇಜು ಸೊನ್ನೆಯಾದಾಗ ಅದು ತನ್ನ ತುದಿಯಲ್ಲಿರಬೇಕು. ಬರಿದಾದ ಕಬ್ಬಿಣಕ್ಕೆ ಆಗ ವಿದ್ಯುತ್ತನ್ನು ಬಿಟ್ಟರೆ ಕಾಂತತ್ವವು ಎಂದಿನ ಮಿತಿಯ ಇಮ್ಮಡಿಗೆ ಏರಲು ಹವಣಿಸುವುದು. ಕಬ್ಬಿಣವು ಅಷ್ಟನ್ನು ಹಿಡಿಯಲಾರದು. ಅದು ತುಂಬಿದೊಡನೆ ಸುರುಳಿಯ ತಡೆ ಕುಸಿದು, ಪ್ರವಾಹವು ಹಲವು ಮಡಿ ನುಗ್ಗಿ ಫ್ಯೂಸನ್ನು ಸುಡಬಹುದು. ವೋಲ್ಟೇಜು ಶಿಖರದಲ್ಲಿರುವಾಗ ತೆರೆದರೆ ಈ ನೂಕು ಇಲ್ಲ. ಇವೆರಡರ ನಡುವಿನ ಅಂತರ ಸೆಕೆಂಡಿನ 200ನೆಯ ಒಂದಂಶ ಮಾತ್ರ! ಕಬ್ಬಿಣದಲ್ಲಿ ಹಿಂದಿನ ಕಾಂತತ್ವ ಉಳಿದಿದ್ದರೆ ಲೆಕ್ಕವು ತುಸು ಬದಲಾಗುವುದು. ಆದುದರಿಂದ ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸುವ ಪದ್ಧತಿಯೂ ಇದೆ.

ಈ ತೂಬಿಗೂ ದೋಷಗಳುಂಟು. 20 ಆಂಪಿಯರು ಹರಿಯುವಾಗ ಅದರಲ್ಲಿ ಸುಮಾರು 1.5 ವೋಲ್ಟು ವ್ಯಯವಾಗಿ 30 ವಾಟಿನ ಶಾಖ ಹುಟ್ಟುತ್ತದೆ. ಅದನ್ನು ಹರಡಲು ಅಲ್ಯೂಮಿನಿಯಮಿನ ರೆಕ್ಕೆಗಳು ಬೇಕು. ಮುಚ್ಚಿದಾಗಲೂ ಅಲ್ಪ ಪ್ರವಾಹ ಸೋರುತ್ತದೆ. ಕೆಟ್ಟರೆ ಸಾಮಾನ್ಯವಾಗಿ ತೆರೆದ ಸ್ಥಿತಿಯಲ್ಲಿಯೇ ಕೆಡುತ್ತದೆ. ಸಂಜ್ಞೆ ನಿಂತಿತೆಂದು ನಂಬಿ ತಂತಿಯನ್ನು ಮುಟ್ಟುವುದು ಪ್ರಾಣಾಪಾಯ. ಮೊದಲು ಮುಖ್ಯ ಸ್ವಿಚ್ಚನ್ನು ಕೈಯಿಂದಲೇ ಕಡಿದು, ವಿದ್ಯುತ್ತಿಲ್ಲವೆಂದು ಪರೀಕ್ಷಿಸಿ, ಆಮೇಲೆ ಯಂತ್ರದ ಬಳಿಗೆ ಹೋಗಬೇಕು.